ಉರುಳುಗಲ್ಲಿನ ಮೇಲೆ ಇನ್ನೊಬ್ಬರಿಗೆ ಜಾಗ

ಹಾಸನದ ಕಾಲೇಜು ಮೈದಾನದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪೂರ್ವದ ಕಡೆಯ ಗೋಲುಕಂಬದ ಬುಡದಲ್ಲಿ ಒಬ್ಬರು ಕುಕ್ಕರುಗಾಲಲ್ಲಿ ಕೂತು ಕಂಬಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ಪಕ್ಕದಲ್ಲಿ ಮಣ್ಣಿನ ಮಡಕೆ, ಕೈಯಲ್ಲಿ ತೆಂಗಿನ ನಾರಿನ ಕುಂಚ, ಮೈಮೇಲೆ ಮೊಣಕೈ ಹರಿದ ಮಿಲಿಟರಿ ಸ್ವೆಟರು. ಚಳಿಗೆ ಮೂಗು ಸೊರಗುಟ್ಟುತ್ತಿದ್ದರೂ ಕೈ ನಿಲ್ಲುವುದಿಲ್ಲ. ಕಂಬದ ಹೊರಮೈಗೆ ಒಂದು ಸಲ ಬಳಿದು ಸುಮ್ಮನಾದವರು ಒಳಮೈಗೆ ಮಾತ್ರ ಎರಡು ಸಲ ಬಳಿಯುತ್ತಾರೆ, ಹಿಂದೆ ಸರಿದು ನೋಡುತ್ತಾರೆ, ಸಮಾಧಾನವಾಗದೆ ಇನ್ನೊಂದು ಸಲ ಬಳಿಯುತ್ತಾರೆ.

"ಸುಣ್ಣಕ್ಕೆ ಅಂಟು ಹಾಕೋದಿಲ್ವಾ?" ಎಂದು ಕೇಳುತ್ತೇನೆ. ಅಂಟು ಬೆರೆಸದೆ ಸುಣ್ಣ ಬಳಿದ ಗೋಡೆಗೆ ಒರಗಿದವರ ಬೆನ್ನು ಬೆಳ್ಳಗಾಗುತ್ತದೆ ಎಂಬಷ್ಟು ತಿಳಿವಳಿಕೆ ನನಗೂ ಇದೆ.

"ಆಕ್ಬಾರ್ದು ಸಾ. ಅಂಟು ಆಕುದ್ರೆ ಸುಣ್ಣ ಕಂಬ ಬುಟ್ಟು ಬರಾಕಿಲ್ಲ. ನಂಗೆ ಅದು ಬರ್ಬೇಕು."

"ಬಂದರೆ ಏನು ಲಾಭ?"

"ಚೆಂಡು ಎಲ್ಲಿ ತಗುಲ್ತು ಅಂತ ಕಂಬನೇ ಯೋಳ್ತದೆ. ನನ್ ಕಣ್ಣು ಸುಳ್ಳೇಳುದ್ರೂ ಕಂಬ ಸುಳ್ಳೇಳಾಕಿಲ್ಲ."

ಇವರು ಹುಚ್ಚಯ್ಯ. ಬೆಳಿಗ್ಗೆ ಕಾಲೇಜಿನ ಜವಾನ. ಗಂಟೆ ಹೊಡೆಯುತ್ತಾರೆ, ಕೊಠಡಿಗಳ ಬೀಗ ತೆಗೆಯುತ್ತಾರೆ, ಪ್ರಿನ್ಸಿಪಾಲರ ಮೇಜಿನ ದೂಳು ಹೊಡೆಯುತ್ತಾರೆ. ಪಂದ್ಯವಿರುವ ದಿನ ಮಧ್ಯಾಹ್ನ ಖಾಕಿ ಚಡ್ಡಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡರೆ ಅವರೇ ರೆಫ್ರಿ. ಆಗ ಬೆಳಿಗ್ಗೆ "ಹುಚ್ಚಯ್ಯ, ನೀರು ತಾ" ಎಂದವರ ಮಕ್ಕಳೂ ಅವರ ಸೀಟಿಗೆ ನಿಲ್ಲಬೇಕು. ಜವಾನನಿಗೆ ಬಹುವಚನವೇ ಎಂದು ಹುಬ್ಬೇರಿಸುವವರು ಈ ಪುರವಣಿಯನ್ನು ಇಲ್ಲಿಗೇ ಮಡಿಚಿಡಬಹುದು.

ನಮ್ಮ ಕಡೆ ಫುಟ್‌ಬಾಲ್ ರೆಫ್ರಿಯ ಬಾಳೇ ವಿಚಿತ್ರ. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ಗೆದ್ದವರ ಫೋಟೋ ಗೋಡೆಗೇರುತ್ತದೆ. ರೆಫ್ರಿಯ ಹೆಸರು ಊರಿಗೆ ಗೊತ್ತಾಗುವುದು ಅವನು ತಪ್ಪು ಮಾಡಿದ ದಿನ. ಅವತ್ತು ಅವನ ಅಪ್ಪ ಅಮ್ಮಂದಿರ ಸಮಾಚಾರವೂ ಮೈದಾನದ ತುಂಬ ಕೇಳಿಬರುತ್ತದೆ. ರೆಫ್ರಿಗಳೇನು ಕಡಿಮೆಯೇ? ಹೊರಗಿನಿಂದ ಬರುವ ಎಷ್ಟೋ ಮಹನೀಯರು ಕೊನೆಯ ಸೀಟಿ ಊದುವ ಮೊದಲೇ ಜಟಕಾ ಗೊತ್ತುಮಾಡಿ ನಿಲ್ಲಿಸಿರುತ್ತಾರೆ. ಊದಿದ್ದೇ ತಡ, ದೂಳೆಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿನ ದಾರಿ. ಸೋತ ಹುಡುಗರು ಯಾರನ್ನು ಕೇಳಬೇಕು? ಎದುರಾಳಿಗೆ ಕಲ್ಲು ಹೊಡೆದು ಸಮಾಧಾನ ಮಾಡಿಕೊಳ್ಳಬೇಕು.

ಹುಚ್ಚಯ್ಯ ಮಾತ್ರ ಪಂದ್ಯ ಮುಗಿದರೆ ಎಲ್ಲಿಗೂ ಹೋಗುವುದಿಲ್ಲ. ಮೈದಾನದ ಅಂಚಿನಲ್ಲಿ, ಹೊಂಗೆಮರದ ಕೆಳಗೆ, ನೆಲವನ್ನು ಸಮ ಮಾಡುವ ಕಲ್ಲಿನ ರೋಲರ್ ಇದೆ. ಇಲ್ಲಿಯವರು ಅದನ್ನು ಉರುಳುಗಲ್ಲು ಎನ್ನುತ್ತಾರೆ. ಅಲುಗದಂತೆ ಎರಡೂ ಕಡೆ ಇಟ್ಟಿಗೆ ಚೂರು ಕೊಟ್ಟಿದ್ದಾರೆ. ಕೊನೆಯ ಸೀಟಿ ಊದಿದ ಮೇಲೆ ಹುಚ್ಚಯ್ಯ ಮೊದಲು ಎರಡೂ ಕಡೆಯ ಗೋಲುಕಂಬಗಳನ್ನು ಹತ್ತಿರದಿಂದ ನೋಡಿ ಬರುತ್ತಾರೆ. ಆಮೇಲೆ ಆ ಕಲ್ಲಿನ ಒಂದು ತುದಿಯಲ್ಲಿ ಕೂತು, ಕೊರಳಿನ ಸೀಟಿ ಬಿಚ್ಚಿ ಪಕ್ಕದಲ್ಲಿಡುತ್ತಾರೆ. ಇನ್ನೊಂದು ತುದಿ ಖಾಲಿ. ಆಟಗಾರರಾಗಲಿ, ಕಡಲೆಕಾಯಿ ತಿನ್ನುತ್ತಾ ನೋಡಿದವರಾಗಲಿ, ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು. ಯಾಕೆ ಊದಿದೆ? ಅವನು ಕಾಲು ಕೊಟ್ಟಾಗ ಯಾಕೆ ಊದಲಿಲ್ಲ? ದೀಪ ಹಚ್ಚುವ ಹೊತ್ತಿನವರೆಗೆ ಹುಚ್ಚಯ್ಯ ಉತ್ತರ ಕೊಡುತ್ತಾರೆ. ತಪ್ಪಾಗಿದ್ದರೆ ತಪ್ಪಾಯಿತು ಎನ್ನುತ್ತಾರೆ. ಅದರಿಂದ ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ, ಕೇಳಿದವರು ಮನೆಗೆ ಹೋಗಿ ಊಟ ಮಾಡಲು ಸಾಧ್ಯವಾಗುತ್ತದೆ, ಅಷ್ಟೇ.

ಷರತ್ತು ಒಂದೇ. ಕೇಳುವವರು ಆ ಇನ್ನೊಂದು ತುದಿಯಲ್ಲಿ ಕೂತು ಕೇಳಬೇಕು.

"ನಿಂತ್ಕಂಡು ಕೇಳುದ್ರೆ ಜಗಳ ಆಯ್ತದೆ ಸಾ. ಕುಂತ್ಕಂಡು ಕೇಳುದ್ರೆ ಮಾತಾಯ್ತದೆ."

ಓದುವುದಕ್ಕೆ ಸರಳವಾಗಿದೆ. ಆದರೆ ಹುಚ್ಚಯ್ಯ ಹೊಳೆನರಸೀಪುರದ ಬಳಿಯ ಹರದನಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಅವರ ಪಕ್ಕ, ಒಂದೇ ಕಲ್ಲಿನ ಮೇಲೆ, ಊರೆಲ್ಲ ನೋಡುತ್ತಿರುವಾಗ ಕೂರುವುದು ಹತ್ತು ಹದಿನೈದು ವರ್ಷದ ಹಿಂದೆ ಸಣ್ಣ ಮಾತಾಗಿರಲಿಲ್ಲ. ಈಗ ಸಣ್ಣ ಮಾತಾಗಿದೆ ಎಂದು ಬರೆಯುವ ಧೈರ್ಯ ನನಗಿಲ್ಲ.

"ಅದನ್ನೆಲ್ಲ ಯೋಚಿಸಿಯೇ ಈ ಷರತ್ತು ಹಾಕಿದಿರಾ?" ಎಂದು ಕೇಳಿದೆ.

ಹುಚ್ಚಯ್ಯ ಕುಂಚವನ್ನು ಮಡಕೆಯ ಅಂಚಿಗೆ ಒರಸಿದರು. "ಮೊದ್ಲು ಆ ಯೋಚ್ನೆ ಇರ್ಲಿಲ್ಲ. ಆಮ್ಯಾಕೆ ಬಂತು. ಬಂದ್ಮೇಲೆ ಬುಡಾಕಾಯ್ಲಿಲ್ಲ ಕಣ್ ಸಾ."

ಷರತ್ತು ಅವರ ಸ್ವಂತದ್ದಲ್ಲ, ಯುದ್ಧದಿಂದ ತಂದದ್ದು. ಮೀಸೆ ಮೂಡುವ ವಯಸ್ಸಿನಲ್ಲಿ, ಊರಿನಲ್ಲಿ ಜೀತ ಮಾಡುವುದಕ್ಕಿಂತ ಗುಂಡೇಟಿಗೆ ಬೀಳುವುದೇ ವಾಸಿ ಎಂದುಕೊಂಡು ಪಟಾಲಮ್ಮಿಗೆ ಸೇರಿದರು. ಗುಂಡು ಹಾರಿಸುವ ಕೆಲಸ ಸಿಗಲಿಲ್ಲ. ಅಸ್ಸಾಮಿನ ಕಾಡಿನಲ್ಲಿ ರಸ್ತೆ ಕಡಿಯುವ ದಳದಲ್ಲಿ ಪಿಕಾಸಿ ಹಿಡಿದರು. ಸಂಜೆ ಅಲ್ಲಿ ಫುಟ್‌ಬಾಲ್. ಆಟ ನಡೆಸುತ್ತಿದ್ದವರು ಒಬ್ಬ ಪಂಜಾಬಿ ಹವಾಲ್ದಾರರು. ಆಟ ಮುಗಿದ ಮೇಲೆ ಮದ್ದಿನ ಪೆಟ್ಟಿಗೆಯ ಮೇಲೆ ಕೂತು "ಬನ್ನಿ, ಪಕ್ಕದಲ್ಲಿ ಕೂತು ಏನು ಕೇಳಬೇಕೋ ಕೇಳಿ" ಎನ್ನುತ್ತಿದ್ದರಂತೆ. ಅಲ್ಲಿ ಜಾತಿಯನ್ನೂ ಮೇಲಧಿಕಾರವನ್ನೂ ಯಾರೂ ಕೇಳುತ್ತಿರಲಿಲ್ಲ.

"ಒಂದಿನ ನಾನೂ ಓಗಿ ಕುಂತ್ಕಂಡೆ. ನನ್ ಜೀವ್ಮಾನ್ದಾಗೆ ಅಂಗೆ ಒಬ್ಬ ದೊಡ್ ಮನ್ಸನ ಪಕ್ಕ ಕುಂತಿದ್ದೇ ಅದು ಮೊದ್ಲು. ಏನ್ ಕೇಳ್ಬೇಕು ಅನ್ನೋದೇ ಮರ್ತೋಯ್ತು. ಅವ್ರು ನಕ್ಬುಟ್ಟು, ನಾಳಿಕ್ಕೆ ನೆಪ್ಪಾದ್ರೆ ಬಾ ಅಂದ್ರು." ಮುಂದೆ ಆ ಹವಾಲ್ದಾರರೇ ಹುಚ್ಚಯ್ಯನವರಿಗೆ ಆಟದ ಕಾನೂನು ಕಲಿಸಿ, ದಳದ ಪರೀಕ್ಷೆಗೆ ಕೂರಿಸಿ, ಒಂದು ಸೀಟಿ ಕೊಟ್ಟು ಕಳಿಸಿದರು. ಕೊರಳಿನಲ್ಲಿರುವುದು ಅದೇ ಸೀಟಿ. ದಾರ ಮಾತ್ರ ಹೆಂಡತಿ ಮಾರಮ್ಮ ಹೊಸೆದುಕೊಟ್ಟದ್ದು.

ಕಾಲೇಜಿಗೆ ಜವಾನರಾಗಿ ಸೇರಿದ ಮೇಲೂ ಸೀಟಿ ಪೆಟ್ಟಿಗೆಯಲ್ಲೇ ಇತ್ತು. ಒಂದು ಸಲ ಬರಬೇಕಾಗಿದ್ದ ರೆಫ್ರಿ ಬರಲಿಲ್ಲ, ಪಂದ್ಯ ನಿಲ್ಲುವ ಹಾಗಾಯಿತು. ಗೆರೆ ಎಳೆದು ನಿಂತಿದ್ದ ಜವಾನ ಮುಂದೆ ಬಂದು "ನಾನು ಊದ್ಲಾ ಸಾ?" ಎಂದಾಗ ನಕ್ಕವರೇ ಹೆಚ್ಚು. ಅರ್ಧ ಆಟ ಮುಗಿಯುವ ಹೊತ್ತಿಗೆ ನಗು ನಿಂತಿತ್ತು. ಅವತ್ತು ವಿರಾಮದಲ್ಲಿ ಎಲ್ಲರಿಗೂ ಸೋಡಾ ಬಂತು, ರೆಫ್ರಿಗೆ ಬರಲಿಲ್ಲ. ಹುಚ್ಚಯ್ಯ ನಲ್ಲಿಯ ನೀರು ಕುಡಿದು ಬಂದು ಸೀಟಿ ಊದಿದರು. ಈಗ ಸೋಡಾ ಬರುತ್ತದೆ. ಕುಡಿಯುವುದಿಲ್ಲ, ನೀರೇ ರೂಢಿಯಾಗಿದೆ ಎನ್ನುತ್ತಾರೆ.

ಕಾಲೇಜಿನ ಈಗಿನ ಆಟದ ಮಾಸ್ತರು ಬಸವರಾಜು ಆಗ ಇಲ್ಲಿಯೇ ವಿದ್ಯಾರ್ಥಿ, ತಂಡದ ಕ್ಯಾಪ್ಟನ್. "ಮೊದಲ ಸಲ ಜಗಳ ತೆಗೆಯೋಕೆ ಅಂತಲೇ ಹೋದೆ. ಕೂತ್ಕೊಳಿ ಬುದ್ಧಿ ಅಂದ್ರು. ಯಾರು ಯಾರು ನೋಡ್ತಿದಾರೆ ಅಂತ ಸುತ್ತ ಒಂದ್ಸಲ ನೋಡ್ದೆ. ನಿಜ ಹೇಳ್ಬೇಕಂದ್ರೆ, ಅಲ್ಲಿ ಕೂತ್ಕೊಳ್ಳೋದಕ್ಕಿಂತ ಪೆನಾಲ್ಟಿ ಹಿಡಿಯೋದು ಸುಲಭ ಅನ್ನಿಸ್ತು. ಕೂತ ಮೇಲೆ ಸಿಟ್ಟು ಅರ್ಧ ಇಳೀತು. ಅವರು ಹೇಳಿದ್ದು ಕೇಳಿದ ಮೇಲೆ ಇನ್ನರ್ಧ," ಎಂದು ನಗುತ್ತಾರೆ.

ಬಿಡುವಿನ ದಿನಗಳಲ್ಲಿ ಹುಚ್ಚಯ್ಯನವರಿಗೆ ಹೊಳೆನರಸೀಪುರ, ಅರಕಲಗೂಡುಗಳಿಂದಲೂ ಕರೆ ಬರುತ್ತದೆ. ಅಲ್ಲಿ ಉರುಳುಗಲ್ಲು ಇಲ್ಲದಿದ್ದರೆ ರಸ್ತೆಯ ಮೋರಿಯ ಕಟ್ಟೆಯಾದರೂ ಆದೀತು. ಅರಕಲಗೂಡಿನಲ್ಲಿ ಒಮ್ಮೆ ಕತ್ತಲಾಯಿತೆಂದು ಓಡಿ ಹೋಗಿ ಕೊನೆಯ ಬಸ್ಸು ಹತ್ತಿದರು. ಬಸ್ಸು ಹೊರಡಲಿಲ್ಲ. ಆಟ ನೋಡಿದ್ದ ಡ್ರೈವರು ಇಂಜಿನ್ ಆರಿಸಿ ಹಿಂದಕ್ಕೆ ತಿರುಗಿ, "ರೆಫ್ರಿಗಳೇ, ಕೊನೇ ಗೋಲು ಯಾಕೆ ಕೊಡ್ಲಿಲ್ಲ ಅಂತ ಯೋಳಿ. ಆಮ್ಯಾಕೆ ಬಸ್ಸು ಬುಡ್ತೀನಿ" ಎಂದನಂತೆ. ಹುಚ್ಚಯ್ಯ ಎದ್ದು, ಸಂತೆಯಿಂದ ಬರುತ್ತಿದ್ದವರ ಕುಂಬಳಕಾಯಿಗಳನ್ನೆಲ್ಲ ಇಸಿದುಕೊಂಡು, ಬಸ್ಸಿನ ನಡುವೆ ಸಾಲಾಗಿಟ್ಟು ಆಫ್‌ಸೈಡ್ ಎಂದರೇನೆಂದು ತೋರಿಸಿದರು. ಡ್ರೈವರು ಒಪ್ಪಿದ. ಒಂದು ಕುಂಬಳಕಾಯಿಯ ಯಜಮಾನಿ ಮಾತ್ರ ಹಾಸನ ಬರುವವರೆಗೂ ಒಪ್ಪಲಿಲ್ಲ.

ಇದನ್ನೆಲ್ಲ ಹುಚ್ಚಯ್ಯ ನಗುತ್ತಲೇ ಹೇಳುತ್ತಾರೆ. ಸುಣ್ಣದ ಕೆಲಸ ಮುಗಿಸಿ, ಕೈ ತೊಳೆದು, ಉರುಳುಗಲ್ಲಿನ ಮೇಲೆ ಬಂದು ಕೂತರು. ನಾನು ಇನ್ನೊಂದು ತುದಿಯಲ್ಲಿ ಕೂತೆ. ಇಷ್ಟು ಜನ ಬಂದು ಕೂತಿದ್ದಾರಲ್ಲ, ಯಾರ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಯಿತು ಎಂದು ಕೇಳಿದೆ. ನಗು ಹೋಯಿತು.

"ಕುಂತೋರ್ದು ಯಾರ್ದೂ ಕಷ್ಟ ಆಗ್ಲಿಲ್ಲ ಸಾ. ಒಬ್ಬ ಉಡುಗ ಕುಂತ್ಕಳ್ಳಿಲ್ಲ."

ಐವತ್ತೆಂಟನೇ ಇಸವಿಯ ಮಾತು. ಚನ್ನರಾಯಪಟ್ಟಣದ ಅಕ್ಕಿಗಿರಣಿಯ ನಂಜಪ್ಪನವರ ಮಗ ರಂಗಸ್ವಾಮಿ ಈ ಕಾಲೇಜಿನ ತಂಡದಲ್ಲಿದ್ದ. ಹುಚ್ಚಯ್ಯನವರು ಅವನ ಆಟದ ಬಗ್ಗೆ ಹೇಳತೊಡಗಿದರೆ ಅವರ ಎರಡೂ ಕಾಲು ನೆಲದ ಮೇಲೆ ತಾವಾಗಿಯೇ ಆಡುತ್ತವೆ. "ಅವ್ನ ಕಾಲ್ಗೆ ಚೆಂಡು ಬಂತು ಅಂದ್ರೆ ನಂಗೆ ಸೀಟಿ ಊದಾಕೇ ಮನ್ಸು ಬತ್ತಿರ್ಲಿಲ್ಲ. ಆಟ ನಿಂತೋಯ್ತದಲ್ಲ ಅಂತ." ಅಪ್ಪನಿಗೆ ಮಗ ಓದುವುದೂ ಬೇಕಿರಲಿಲ್ಲ, ಆಡುವುದಂತೂ ಬೇಡವೇ ಬೇಡ. ಆದರೂ ಮಗನ ಹಟಕ್ಕೆ ಒಂದು ಮಾತು ಕೊಟ್ಟಿದ್ದರು: ಯೂನಿವರ್ಸಿಟಿ ತಂಡಕ್ಕೆ ಆರಿಸಿಕೊಂಡರೆ ಕಾಲೇಜು, ಇಲ್ಲವಾದರೆ ಗಿರಣಿ. ಮೈಸೂರಿನ ಒಂದು ಕಾಲೇಜಿನ ಜೊತೆ ಶೀಲ್ಡಿನ ಕೊನೆಯ ಪಂದ್ಯ. ಆರಿಸುವವರು ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಂಜಪ್ಪನವರೂ ಬಾಡಿಗೆ ಕಾರು ಮಾಡಿಕೊಂಡು ಬಂದು ರಸ್ತೆಯ ಮೇಲೆ ನಿಂತಿದ್ದರು.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆ ಗೋಲಿಲ್ಲ. ರಂಗಸ್ವಾಮಿ ಬಲಗಡೆಯಿಂದ ನುಗ್ಗಿ ಹೊಡೆದ ಚೆಂಡು ಕಂಬದ ಹತ್ತಿರದಲ್ಲೇ ದೂಳಿನೊಳಗೆ ಹಾದು ಹಿಂದಿನ ಬೇಲಿಗೆ ಹೋಗಿ ಬಿತ್ತು. ಆಗ ಗೋಲಿಗೆ ಬಲೆ ಇರಲಿಲ್ಲ. ಕಂಬದ ಒಳಗಿಂದ ಹೋಯಿತೋ ಹೊರಗಿಂದಲೋ ರೆಫ್ರಿ ಹೇಳಿದ್ದೇ ಸರಿ. ಈ ಕಡೆಯವರು ಗೋಲೆಂದು ಕುಣಿದರು, ಆ ಕಡೆಯವರು ಇಲ್ಲವೆಂದು ಕೈಯಾಡಿಸಿದರು. ಹುಚ್ಚಯ್ಯ ಗೋಲಿಲ್ಲ ಎಂದರು. ಮರುಗಳಿಗೆಯಲ್ಲೇ ಮೈಸೂರಿನವರು ಒಂದು ಹೊಡೆದು ಶೀಲ್ಡು ಎತ್ತಿಕೊಂಡು ಹೋದರು.

"ದೂಳಿತ್ತು ಅಂತ ಯೋಳ್ಬೋದು ಸಾ. ಎಲ್ರೂ ಅಂಗೇ ಅಂದ್ರು. ದೂಳು ಮುಖ್ಯ ಅಲ್ಲ, ನಾನು ಓಡ್ಲಿಲ್ಲ. ನಡು ಮೈದಾನ್ದಾಗೇ ನಿಂತಿದ್ದೆ. ಇನ್ನೊಂದೈತೆ. ಊರೋನು ಊರೋರ್ಗೇ ಊದ್ದ ಅನ್ನಿಸ್ಕಬಾರ್ದು ಅಂತ ಮನ್ಸಲ್ಲಿತ್ತು. ಅನ್ಮಾನ ಬಂತಾ, ನಮ್ಮೋರ್ಗೆ ಬ್ಯಾಡ ಅಂದ್ಬುಟ್ಟೆ. ನ್ಯಾಯ ಅಂತ ಮಾಡಕ್ಕೋಗಿ ಅನ್ಯಾಯ ಮಾಡ್ದೆ."

ತಪ್ಪು ಗೊತ್ತಾಗಿದ್ದು ಹೇಗೆ? ಅವತ್ತು ಬೆಳಿಗ್ಗೆ ಸುಣ್ಣಕ್ಕೆ ಬೆರೆಸಲು ಅಂಟು ಇರಲಿಲ್ಲ, ಹಾಗೆಯೇ ಬಳಿದಿದ್ದರು. ಪಂದ್ಯ ಮುಗಿದ ಮೇಲೆ ಮೂಲೆಯ ಬಾವುಟ ಕೀಳಲು ಹೋದಾಗ ಕಂಬದ ಮೇಲೆ ಕಣ್ಣು ಬಿತ್ತು. ಒಳಮೈಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಚೆಂಡಿನಗಲ ಸುಣ್ಣ ಒರಸಿಹೋಗಿ ಮರ ಕಾಣುತ್ತಿತ್ತು. ಕಂಬದ ಒಳಮೈ ಸವರಿಕೊಂಡು ಹಿಂದಕ್ಕೆ ಹೋದ ಚೆಂಡು ಗೋಲಲ್ಲದೆ ಇನ್ನೇನು?

ಹೇಳಬೇಕಾದ ಮಾತು ಬಾಯಲ್ಲಿಟ್ಟುಕೊಂಡೇ ಹುಚ್ಚಯ್ಯ ಬಂದು ಈ ಕಲ್ಲಿನ ಮೇಲೆ ಕೂತರು. ರಂಗಸ್ವಾಮಿಯೂ ಬಂದ. ಬೆವರು ಒರಸಿಕೊಂಡಿರಲಿಲ್ಲ. "ಹುಚ್ಚಯ್ಯ, ಅದು ಗೋಲು ಹೌದೋ ಅಲ್ವೋ?" ಎಂದು ಕೇಳಿದ. ನಿಂತೇ ಕೇಳಿದ.

"ಕುಂತ್ಕಳಿ, ಯೋಳ್ತೀನಿ ಅಂದೆ. ಕಲ್ಲು ನೋಡ್ದ. ತಿರುಗಿ ರಸ್ತೆ ನೋಡ್ದ. ಅಲ್ಲಿ ಅವ್ರಪ್ಪಾರು ಕಾರಿನ ಬಾಗ್ಲು ಇಡ್ಕಂಡು ನಿಂತಿದ್ರು. ಇನ್ನೊಂದ್ಸಲ ಕಲ್ಲು ನೋಡ್ದ. ನಾನು ಕಾಯ್ತಾ ಕುಂತೆ. ಅವ್ನು ನಿಂತೇ ಇದ್ದ. ಆಮ್ಯಾಕೆ ಅವ್ರಪ್ಪಾರು ಕರುದ್ರು. ವೊಂಟೋದ."

ಅದೇ ವಾರ ನಂಜಪ್ಪನವರು ಮಗನ ಪೆಟ್ಟಿಗೆಯನ್ನು ಹಾಸ್ಟೆಲಿನಿಂದ ತರಿಸಿಕೊಂಡರು. ರಂಗಸ್ವಾಮಿ ಮತ್ತೆ ಕಾಲೇಜಿಗೂ ಬರಲಿಲ್ಲ, ಮೈದಾನಕ್ಕೂ ಬರಲಿಲ್ಲ. ಎಂಟು ವರ್ಷವಾಯಿತು. ಅಂದಿನಿಂದ ಹುಚ್ಚಯ್ಯ ಸುಣ್ಣಕ್ಕೆ ಅಂಟು ಬೆರೆಸಿಲ್ಲ. ಈಗ ಗೋಲಿಗೆ ಬಲೆ ಬಂದಿದೆ, ಅನುಮಾನಕ್ಕೆ ಜಾಗವಿಲ್ಲ. ಆದರೂ ಪಂದ್ಯದ ದಿನ ಕಂಬದ ಒಳಮೈಗೆ ಮೂರು ಸಲ ಬಳಿಯುತ್ತಾರೆ. ಪಂದ್ಯ ಮುಗಿದು ಎಲ್ಲರೂ ಹೋದ ಮೇಲೂ ಕಲ್ಲಿನ ತುದಿಯಲ್ಲಿ ಒಬ್ಬರೇ ಕೂತು ರಸ್ತೆಯ ಕಡೆ ನೋಡುತ್ತಾರೆ. ಚನ್ನರಾಯಪಟ್ಟಣದ ಕಡೆಯ ಬಸ್ಸು ನಿಂತರೆ ಇಳಿದವರ ಮುಖ ನೋಡುತ್ತಾರೆ.

ಒಂದು ಸಲ ತಾವೇ ಹೋಗಿದ್ದುಂಟು. ಆ ಕತೆಯನ್ನು ಮಾರಮ್ಮನ ಬಾಯಲ್ಲೇ ಕೇಳಬೇಕು. ಹುಚ್ಚಯ್ಯನವರ ಜೊತೆ ಮನೆಗೆ ಹೋದಾಗ ಆಕೆ ಒಲೆಯ ಮುಂದೆ ಮುದ್ದೆ ತೊಳಸುತ್ತಲೇ ಶುರುಮಾಡಿದರು.

"ಬೆಳಿಗ್ಗೆ ಎದ್ದು, ಒಗ್ದ ಪಂಚೆ ಉಟ್ಕಂಡು, ಚೆನ್ರಾಯ್‌ಪಟ್ಣುಕ್ಕೋಗಿ ಆ ಉಡುಗುನ್ನ ಮಾತಾಡುಸ್ಕ ಬತ್ತೀನಿ ಅಂತ ವೋದ್ರು. ಸಂದೆಗೆ ಬತ್ತಾರೆ, ಎಗ್ಲು ಮ್ಯಾಲೆ ಒಂದು ಮೂಟೆ. ಏನಿದು ಅಂತ ಬಿಚ್ಚಿ ನೋಡುದ್ರೆ ತವುಡು! ನಮ್ಮನ್ಯಾಗೆ ಅಸ ಇಲ್ಲ, ಕರ ಇಲ್ಲ. ಈ ತವುಡು ಯಾರ್ಗೆ, ನಿಮ್ಗಾ ನಂಗಾ ಅಂದೆ."

ಹುಚ್ಚಯ್ಯ ತಲೆ ತಗ್ಗಿಸಿದರು. ಆಗಿದ್ದು ಇಷ್ಟು. ಗಿರಣಿಯ ಬಾಗಿಲಿನಲ್ಲಿ ನಂಜಪ್ಪನವರೇ ಕೂತಿದ್ದರು. ಏನು ಬೇಕು ಎಂದು ಕೇಳಿದರು. ಒಳಗೆ ತಕ್ಕಡಿಯ ಹತ್ತಿರ ರಂಗಸ್ವಾಮಿ ತಲೆಯೆತ್ತಿ ನೋಡುತ್ತಿದ್ದ. "ಬಾಯಿಗೆ ಬಂದಿದ್ದು ಅದೊಂದೇ ಸಾ. ಅಸುಕ್ಕೆ ತವುಡು ಬೇಕು ಬುದ್ಧಿ ಅಂದ್ಬುಟ್ಟೆ. ಮೈದಾನ್ದಾಗೆ ಯಾರ್ ಮುಂದೆ ಬೇಕಾದ್ರೂ ಊದ್ತೀನಿ. ಅಲ್ಲಿ ಬಾಗ್ಲಲ್ಲಿ ಕೈ ಕಟ್ಕಂಡು ನಿಂತ್ಕಬೇಕಲ್ಲ, ಅಲ್ಲಿ ನಾನು ರೆಫ್ರಿ ಅಲ್ಲ."

ಆ ತವುಡನ್ನು ಪಕ್ಕದ ಬೀದಿಯ ಹೊನ್ನಕ್ಕನ ಎಮ್ಮೆ ತಿಂದಿತು. ಆ ವಾರ ಹಾಲು ಗಟ್ಟಿಯಾಗಿತ್ತೆಂದು ಹೊನ್ನಕ್ಕ ಈಗಲೂ ಹೇಳುತ್ತಾರಂತೆ.

ಈ ಲೇಖನಕ್ಕೆ ಒಂದು ಅವಸರವಿದೆ, ಅದನ್ನೂ ಹೇಳಿಬಿಡುತ್ತೇನೆ. ಬರುವ ಶನಿವಾರ ಮೈಸೂರಿನ ತಂಡದೊಂದಿಗೆ ನಡೆಯುವುದು ಹುಚ್ಚಯ್ಯ ಸೀಟಿ ಊದುವ ಕೊನೆಯ ಪಂದ್ಯ. ಯಾರೂ ಅವರನ್ನು ತೆಗೆದುಹಾಕಿಲ್ಲ. ಅವರೇ ಹೋಗಿ ಬಸವರಾಜು ಮಾಸ್ತರಿಗೆ ಹೇಳಿದರು: ಸಂಜೆಯ ಬೆಳಕಿನಲ್ಲಿ ದೂರದ ಚೆಂಡು ಮಂಜಾಗಿ ಕಾಣುತ್ತದೆ, ಇನ್ನು ಊದಿದರೆ ತಪ್ಪಾಗುತ್ತದೆ. ಬೇರೆ ಯಾರಿಗೂ ಗೊತ್ತಾಗಿರಲಿಲ್ಲ ಎನ್ನುತ್ತಾರೆ ಬಸವರಾಜು. "ಕಾಲು ಈಗ್ಲೂ ಓಡ್ತವೆ ಸಾ. ಕಣ್ಣು ಓಡಾಕಿಲ್ಲ," ಎಂದರು ಹುಚ್ಚಯ್ಯ. ಹೊಸ ರೆಫ್ರಿ ಬರುತ್ತಾರೆ. ಅವರು ಕಲ್ಲಿನ ಮೇಲೆ ಕೂರುತ್ತಾರೋ ಜಟಕಾ ಹತ್ತುತ್ತಾರೋ ಗೊತ್ತಿಲ್ಲ. ಶನಿವಾರ ಕಳೆದರೆ ಆ ಉರುಳುಗಲ್ಲು ಬರೀ ಉರುಳುಗಲ್ಲು.

ಹಾಗಾಗಿ ನಾನು ಚನ್ನರಾಯಪಟ್ಟಣಕ್ಕೆ ಹೋದೆ. ಬಸ್ಸಿನ ತುಂಬ ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರು. ಚನ್ನರಾಯಪಟ್ಟಣದವರೆಗೂ ನಿಂತೇ ಪ್ರಯಾಣ. ನಂಜಪ್ಪನವರು ತೀರಿಕೊಂಡು ಎರಡು ವರ್ಷವಾಗಿದೆ. ಗಿರಣಿ ಈಗ ರಂಗಸ್ವಾಮಿಯವರದು. ಅವರು ಹೊರಗೆ ಹೋಗಿದ್ದರು. ಗಿರಣಿಯ ಹಿಂದಿರುವ ಮನೆಯಿಂದ ಅವರ ಹೆಂಡತಿ ಅನಸೂಯಮ್ಮ ಮಜ್ಜಿಗೆ ತಂದುಕೊಟ್ಟು, ಬಂದ ಕಾರಣ ಕೇಳಿದರು. ಫುಟ್‌ಬಾಲ್ ಎಂದೆ.

"ನಮ್ಮೆಜಮಾನ್ರಾ? ಚೆಂಡಾಟ ಆಡ್ತಿದ್ರಾ?" ಎಂದು ಆಕೆ ಬೆರಗಾಗಿ ನಿಂತರು. ಮದುವೆಯಾದಾಗಿನಿಂದ ಮನೆಯಲ್ಲಿ ಆ ಮಾತೇ ಬಂದಿಲ್ಲವಂತೆ. ಆಮೇಲೆ ಏನೋ ನೆನಪಾಗಿ ನಕ್ಕರು. "ಅದ್ಕೇ ಏನೋ. ಅಂಗ್ಳದಲ್ಲ್ ತೆಂಗಿನ್ಕಾಯಿ ಬಿದ್ದಿದ್ರೆ ಬಗ್ಗಿ ಎತ್ಕೊಳ್ಳಲ್ಲ. ಯಾರೂ ಇಲ್ದಿದ್ರೆ ಕಾಲಲ್ಲೇ ತಳ್ಕೊಂಡು ತಳ್ಕೊಂಡು ಹಿತ್ಲು ತನ್ಕ ತರ್ತಾರೆ. ಬೆನ್ನು ನೋವಾ ಅಂತ ಕೇಳ್ದೆ. ಹೂಂ ಅಂದ್ರು."

ರಂಗಸ್ವಾಮಿ ಬಂದರು. ಮೂವತ್ತಕ್ಕೆ ಬಂದ ಗಟ್ಟಿ ಆಳು, ಮೈತುಂಬ ಅಕ್ಕಿಯ ದೂಳು. ವಿಷಯ ಹೇಳಿದೆ. ಬರೆಯುವುದಾಗಿಯೂ ಹೇಳಿದೆ. "ಅದೆಲ್ಲ ಹಳೇದು ಬಿಡಿ ಸ್ವಾಮಿ. ಬರ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ," ಎಂದರು. ಮೂಟೆಗಳ ಕಡೆ ತಿರುಗಿದರು. ಕೆಲಸದವನಿಗೆ ಏನೋ ಹೇಳಿದರು. ನಾನು ಎದ್ದೆ. ಆಗ, ಮುಖ ತಿರುಗಿಸದೆಯೇ, ಕೇಳಿದರು.

"ಒಂದ್ಸಲ ಇಲ್ಲಿಗೆ ಬಂದಿದ್ರು ಹುಚ್ಚಯ್ಯ. ನನ್ನ ಮಾತಾಡ್ಸೋಕೇ ಬಂದ್ರು ಅಂದ್ಕೊಂಡೆ. ತವುಡು ತಗೊಂಡು ಹೊರಟೋದ್ರು. ಹಸು ಕಟ್ಟಿದಾರಾ ಈಗ್ಲೂ?"

"ಅವರ ಮನೆಯಲ್ಲಿ ಹಸು ಇಲ್ಲ. ಯಾವತ್ತೂ ಇರಲಿಲ್ಲ," ಎಂದೆ.

ರಂಗಸ್ವಾಮಿ ಮೂಟೆ ಬಿಟ್ಟು ನನ್ನ ಕಡೆ ತಿರುಗಿದರು. ಗಿರಣಿಯ ಪಟ್ಟಿ ಪಟಪಟ ಸದ್ದು ಮಾಡುತ್ತಿತ್ತು. ಕೆಲಸದವನು ಕರೆದರೂ ಅವರಿಗೆ ಕೇಳಿಸಲಿಲ್ಲ. ಕೊನೆಗೆ ಹೆಗಲಿನ ಟವೆಲಿನಿಂದ ಮುಖ ಒರಸಿಕೊಂಡು, "ಆ ಕಲ್ಲು ಇನ್ನೂ ಅಲ್ಲೇ ಇದ್ಯಾ?" ಎಂದರು. ಇದೆ ಎಂದೆ. ಶನಿವಾರದ ಪಂದ್ಯದ ವಿಷಯವನ್ನೂ ಹೇಳಿದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದು, ಬಸ್ಸು ಹೊರಡುವವರೆಗೂ ನಿಂತಿದ್ದರು.

ಹಾಸನಕ್ಕೆ ಹಿಂತಿರುಗಿ ನಡೆದದ್ದನ್ನೆಲ್ಲ ಹುಚ್ಚಯ್ಯನವರಿಗೆ ಹೇಳಿದೆ. ಮೊದಲು ಗಾಬರಿಯಾದರು. "ಅಸ ಇಲ್ಲ ಅಂತ ಯೋಳ್ಬುಟ್ರಾ ಸಾ? ಅಯ್ಯೋ." ಮಾರಮ್ಮ ಒಳಗಿನಿಂದಲೇ, "ಯೋಳ್ಳಿ ಬುಡಿ. ಇಲ್ದಿದ್ ಅಸನ ಎಷ್ಟ್ ವರ್ಸ ಅಂತ ಸಾಕ್ತೀರಿ?" ಎಂದರು. ಹುಚ್ಚಯ್ಯನವರಿಗೆ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು. ಕಲ್ಲು ಅಲ್ಲೇ ಇದೆಯಾ ಎಂದು ರಂಗಸ್ವಾಮಿ ಕೇಳಿದ ಮಾತನ್ನು ಇನ್ನೊಂದು ಸಲ ಹೇಳಿಸಿದರು. ಮತ್ತೊಂದು ಸಲ ಹೇಳಿಸಿದರು. ಹೇಗೆ ಕೇಳಿದರು, ಸಿಟ್ಟಿನಲ್ಲೋ ಸಮಾಧಾನದಲ್ಲೋ ಎಂದು ವಿಚಾರಿಸಿದರು. ನನಗೆ ತಿಳಿದಷ್ಟು ಹೇಳಿದೆ.

ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಅವ್ನು ಕುಂತ್ಕಳ್ಳಿ, ಆಮ್ಯಾಕೆ ಯೋಳ್ತೀನಿ ಅಂತ ನಾನು ಕುಂತಿದ್ನಲ್ಲ ಸಾ ಅವತ್ತು. ಕುಂತ್ಕಳ್ಳಿಲ್ಲ ಅಂತ ನಂಗೂ ಸಿಟ್ಟಿತ್ತು, ಸುಳ್ಯಾಕೆ. ಅವ್ರಪ್ಪನ್ ಮುಂದೆ ಆ ಉಡುಗ ಎಂಗೆ ಕುಂತ್ಕಂಡಾನು? ಅವ್ನ್ ಕೈಲಿ ಆಗ್ದಿದ್ರೆ ನಾನೇ ಎದ್ದು ನಿಂತ್ಕಬೋದಿತ್ತು. ಅದು ತಲೆಗೆ ಒಳ್ದಿದ್ದೇ ಆ ತವುಡು ಒತ್ಕಂಡು ಬರೋವಾಗ. ಅವತ್ತು ಕಾಲು ಗಟ್ಟಿಗೇ ಇದ್ವು ಸಾ."

ಶನಿವಾರ ಸಂಜೆ ನಾಲ್ಕೂವರೆಗೆ ಆಟ ಶುರು. ಮುಗಿದ ಮೇಲೆ ಹುಚ್ಚಯ್ಯ ಎಂದಿನಂತೆ ಕಂಬ ನೋಡಿ ಬರುತ್ತಾರೆ, ಸೀಟಿ ಬಿಚ್ಚಿ ಉರುಳುಗಲ್ಲಿನ ಮೇಲೆ ಇಡುತ್ತಾರೆ. ಈ ಸಲ ತಾವು ಕೂರುವುದಿಲ್ಲವಂತೆ. ಕಲ್ಲಿನ ಪಕ್ಕದಲ್ಲಿ ನಿಂತಿರುತ್ತಾರಂತೆ, ಕೊನೆಯ ಬಸ್ಸು ಬಂದು ಹೋಗುವವರೆಗೆ. ಬಂದವರು ಕೂರಬಹುದು, ನಿಲ್ಲಬಹುದು, ಅವರಿಷ್ಟ.

ನಾನು ಹೊರಡಲು ಎದ್ದಾಗ ಬೀದಿಯವರೆಗೂ ಬಂದರು. ನಿಮ್ಮ ಬಗ್ಗೆ ಪೇಪರಿನಲ್ಲಿ ಏನು ಬರೆಯಬೇಕು ಹೇಳಿ ಎಂದೆ.

"ನನ್ ಬಗ್ಗೆ ಏನೂ ಬ್ಯಾಡ. ಅದು ಗೋಲು ಅಂತ ಬರ್ದ್ಬುಡಿ ಸಾ, ಊರೆಲ್ಲ ಓದ್ಲಿ. ತಪ್ಪಾಯ್ತು ಅನ್ನೋದ್ನ ಮಾತ್ರ ಬರೀಬ್ಯಾಡಿ. ಅದ ನಾನೇ ಯೋಳ್ಬೇಕು, ನಿಂತ್ಕಂಡು."